ಕೊಡಗಿನಿಂದ ಹೊರದೇಶಕ್ಕೆ: ಮೊದಲು ತಾರೀಖು ಗೊತ್ತು ಮಾಡಿ, ದೇಶ ಆಮೇಲೆ

ಮದುವೆ ಊಟದ ಪಂಕ್ತಿಯಲ್ಲಿ, ಗೋಣಿಕೊಪ್ಪದಲ್ಲಿ ಮೆಣಸಿನ ದರ ಕೇಳಲು ನಿಂತಾಗ, ಬ್ಯಾಂಕಿನ ಸಾಲಿನಲ್ಲಿ, ಎಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವುದು ಒಂದೇ: "ಇಷ್ಟು ದೇಶ ಸುತ್ತುತ್ತೀರಲ್ಲ, ಯಾವುದು ಚೆಂದ? ನಾವು ಮೊದಲು ಎಲ್ಲಿಗೆ ಹೋಗೋದು?" ನಿಂತ ನಿಲುವಿನಲ್ಲಿ ಉತ್ತರ ಹೇಳಿದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ. ಆ ಅರ್ಧದಲ್ಲೇ ಜನ ಪೆಟ್ಟು ತಿನ್ನುವುದು. ಅದಕ್ಕೇ ಪೂರ್ತಿ ಬರೆದಿಟ್ಟಿದ್ದೇನೆ.

ನನಗೆ ಮತ್ತೆ ಮತ್ತೆ ಹೋಗಬೇಕು ಅನ್ನಿಸುವ ದೇಶಗಳು ನಾಲ್ಕು: ಶ್ರೀಲಂಕಾ, ಭೂತಾನ್, ವಿಯೆಟ್ನಾಂ, ಇಥಿಯೋಪಿಯಾ. ಸ್ವಿಟ್ಜರ್ಲೆಂಡ್ ಇಲ್ಲವೇ ಎಂದು ಮೂಗು ಮುರಿಯಬೇಡಿ. ಬೆಟ್ಟ, ಮಂಜು, ಹಸಿರು ನೋಡಲು ಬೇರೆ ಊರಿನವರೆಲ್ಲ ದುಡ್ಡು ಕೊಟ್ಟು ನಮ್ಮ ಕೊಡಗಿಗೇ ಬರುತ್ತಾರೆ. ನನ್ನ ಲೆಕ್ಕ ಬೇರೆ. ಕಾಫಿ, ಮೆಣಸು, ಗದ್ದೆ ಗೊತ್ತಿರುವ ಕಣ್ಣಿಗೂ ಪಂದಿಕರಿ ಗೊತ್ತಿರುವ ನಾಲಿಗೆಗೂ ಎಲ್ಲಿ ಹೆಚ್ಚು ಸಿಗುತ್ತದೋ ಅದು ನನಗೆ ಒಳ್ಳೆಯ ದೇಶ.

ಆದರೆ ಕೆಲಸ ಶುರುವಾಗುವುದು ದೇಶದಿಂದಲ್ಲ.

ಹಂತ 1: ತೋಟದ ಕ್ಯಾಲೆಂಡರ್ ತೆಗೆದು ಕೂರಿ

ಟ್ರಾವೆಲ್ಸ್‌ನವರು "ಸೀಸನ್" ಅಂದಾಗ ಅವರ ತಲೆಯಲ್ಲಿರುವುದು ಶಾಲೆಯ ರಜೆ. ನಮಗೆ ಅದು ಆಗಿಬರುವುದಿಲ್ಲ. ನವೆಂಬರ್ ಕೊನೆಯಿಂದ ಅರೇಬಿಕಾ ಕಾಫಿಯ ಕೊಯ್ಲು, ಜನವರಿಯಿಂದ ರೋಬಸ್ಟಾ. ಕೊಯ್ಲು ಮುಗಿಯಿತು ಅನ್ನುವಷ್ಟರಲ್ಲಿ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸಬೇಕು. ಹೂಮಳೆ ಬಿತ್ತಾ, ಆಮೇಲೆ ಕಾಯಿ ಕಚ್ಚಲು ಬೇಕಾದ ಮಳೆ ಬಂತಾ ಎಂದು ಏಪ್ರಿಲ್‌ವರೆಗೂ ಆಕಾಶ ನೋಡುವುದೇ ಕೆಲಸ. ಕಣದಲ್ಲಿ ಕಾಫಿ ಹಣ್ಣು ಒಣಗಲು ಹಾಕಿ ವಿಮಾನ ಹತ್ತಿದವರು ಬ್ಯಾಂಕಾಕ್‌ನಲ್ಲಿ ಕೂತು ಮಡಿಕೇರಿಯ ಹವಾಮಾನ ನೋಡುತ್ತಿರುತ್ತಾರೆ. ಅದು ಪ್ರವಾಸವೇ ಅಲ್ಲ.

ನನ್ನ ಅನುಭವದಲ್ಲಿ ನಮಗೆ ನಿಜವಾಗಿ ಸಿಗುವ ಕಿಂಡಿಗಳು ಮೂರು.

ಮೊದಲನೆಯದು ಏಪ್ರಿಲ್ ನಡುವಿನಿಂದ ಮೇ ಕೊನೆ. ತೋಟದಲ್ಲಿ ಬಿಡುವಿದ್ದರೂ ಊರಲ್ಲಿ ಬಿಡುವಿಲ್ಲ. ಮದುವೆಗಳು, ಜೊತೆಗೆ 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬ. ನಿಮ್ಮ ಕುಟುಂಬದ ತಂಡ ಎಷ್ಟನೇ ಸುತ್ತಿಗೆ ಹೋಗುತ್ತದೆ ಎಂದು ಗೊತ್ತಾಗುವ ಮೊದಲು ಟಿಕೆಟ್ ಮಾಡಿ ಮನೆಯವರ ಕೈಯಲ್ಲಿ ಬೈಸಿಕೊಳ್ಳಬೇಡಿ. ಗಿಡಕ್ಕೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವ ಕೆಲಸವನ್ನು ಮಳೆಗೆ ಮುಂಚೆ ಯಾರಿಗಾದರೂ ವಹಿಸಿರಬೇಕು.

ಎರಡನೆಯದು ಜುಲೈ-ಆಗಸ್ಟ್. ನಾಟಿ ಮುಗಿಸಿಕೊಂಡರೆ ಧಾರಾಳ ಸಮಯ. ನಮ್ಮಲ್ಲಿ ಮಳೆ ಸುರಿಯುವಾಗ ಬಾಲಿಯಲ್ಲಿ ಬಿಸಿಲುಗಾಲ, ಶ್ರೀಲಂಕಾದ ಪೂರ್ವ ಕರಾವಳಿಯೂ ಒಣಗಿರುತ್ತದೆ. ಅಪಾಯ ಇರುವುದು ಮನೆಯಿಂದ ಹೊರಡುವ ದಾರಿಯಲ್ಲಿ. ಅದಕ್ಕೆ ಐದನೇ ಹಂತದಲ್ಲಿ ಬರುತ್ತೇನೆ.

ಮೂರನೆಯದು ಆಯುಧ ಪೂಜಿಸುವ ನಮ್ಮ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಕಾವೇರಿ ಸಂಕ್ರಮಣದವರೆಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರದಿಂದ ಅಕ್ಟೋಬರ್ ನಡುವಿನವರೆಗೆ. ಇದಕ್ಕಿಂತ ಒಳ್ಳೆಯ ಕಾಲ ನಮಗಿಲ್ಲ. ಬರೀ ರೋಬಸ್ಟಾ ಇರುವವರು ಇದನ್ನು ಸುಗ್ಗಿ ಹಬ್ಬವಾದ ಪುತ್ತರಿಯವರೆಗೂ ಎಳೆಯಬಹುದು.

ಈ ಮೂರರಲ್ಲಿ ಒಂದನ್ನು ಹಿಡಿದು, ಹೊರಡುವ ದಿನ ಮತ್ತು ತಿರುಗಿ ಬರುವ ದಿನ ಎರಡನ್ನೂ ಕಾಗದದಲ್ಲಿ ಬರೆಯಿರಿ. ತೋಟ ಯಾರು ನೋಡಿಕೊಳ್ಳುತ್ತಾರೆ, ನಾಯಿಗೆ ಅನ್ನ ಯಾರು ಹಾಕುತ್ತಾರೆ, ಅದನ್ನೂ ಅಲ್ಲೇ ಬರೆಯಿರಿ. ಆಮೇಲೆ ಮುಂದಿನ ಹಂತ.

ಹಂತ 2: ಪಾಸ್‌ಪೋರ್ಟ್, ಅದರಲ್ಲಿ ನಿಮ್ಮ ಹೆಸರು, ಅದಕ್ಕೆ ಹಿಡಿಯುವ ಬೂಷ್ಟು

ಹೊಸದಾಗಿ ಮಾಡಿಸುವವರು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ತುಂಬಿ, ದಿನ ಗೊತ್ತು ಮಾಡಿಕೊಂಡು, ಮೂಲ ದಾಖಲೆಗಳ ಸಮೇತ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಬೇಕು. 36 ಪುಟದ ಪಾಸ್‌ಪೋರ್ಟ್‌ಗೆ ಸರ್ಕಾರಿ ಶುಲ್ಕ ₹1,500, ತತ್ಕಾಲ್ ಬೇಕಿದ್ದರೆ ಇನ್ನೂ ₹2,000. ದೊಡ್ಡವರಿಗೆ 10 ವರ್ಷ, ಮಕ್ಕಳಿಗೆ 5 ವರ್ಷ ಬಾಳಿಕೆ. ಆಮೇಲೆ ಪೊಲೀಸ್ ಪರಿಶೀಲನೆ. ಆಧಾರ್‌ನಲ್ಲಿ ಹಿರಿಯರ ಮೂಲಮನೆಯಾದ ಐನ್‌ಮನೆಯ ವಿಳಾಸ, ವಾಸ ಮಾತ್ರ ಪೇಟೆಯಲ್ಲಿ ಎಂದಾದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಎಲ್ಲಿ ಮಲಗುತ್ತೀರೋ ಆ ವಿಳಾಸ ಕೊಡಿ.

ಇರುವ ಪಾಸ್‌ಪೋರ್ಟ್ ತೆಗೆದು ಅವಧಿ ನೋಡಿ. ಪ್ರವಾಸದ ದಿನದಿಂದ ಮುಂದಕ್ಕೆ ಆರು ತಿಂಗಳಾದರೂ ಉಳಿದಿರಬೇಕು. ಇನ್ನೂ ನಾಲ್ಕು ತಿಂಗಳಿದೆಯಲ್ಲ ಎಂದು ಹೋದವರನ್ನು ವಿಮಾನ ಹತ್ತಿಸದೆ ತಿರುಗಿ ಕಳಿಸುತ್ತಾರೆ.

ಇನ್ನು ಹೆಸರು. ನಮ್ಮಲ್ಲಿ ಮನೆಹೆಸರು ಮೊದಲು, ಆಮೇಲೆ ಅಪ್ಪನದ್ದು, ಕೊನೆಗೆ ನಮ್ಮದು. ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್. ಮದುವೆಯಾದ ಹೆಣ್ಣುಮಕ್ಕಳಿಗೆ ಆಧಾರ್‌ನಲ್ಲಿ ಗಂಡನ ಮನೆಹೆಸರು, ಪಾನ್ ಕಾರ್ಡ್‌ನಲ್ಲಿ ತವರಿನದ್ದು. ಪಾಸ್‌ಪೋರ್ಟ್‌ನಲ್ಲಿ ಎರಡು ಕಲಂ ಇರುತ್ತವೆ: ಸರ್‌ನೇಮ್ ಅಂದರೆ ಕುಟುಂಬದ ಹೆಸರು, ಗಿವನ್ ನೇಮ್ ಅಂದರೆ ನಿಮ್ಮ ಸ್ವಂತ ಹೆಸರು. ಮನೆಹೆಸರನ್ನು ಸರ್‌ನೇಮ್‌ನಲ್ಲಿ ಹಾಕಿಸಿ, ಖಾಲಿ ಬಿಡಬೇಡಿ. ಒಂದೇ ಹೆಸರಿರುವ ಪಾಸ್‌ಪೋರ್ಟ್‌ಗೆ ಯುಎಇ 2022ರಿಂದ ತಕರಾರು ತೆಗೆಯುತ್ತಿದೆ. ಟಿಕೆಟ್, ವೀಸಾ ಅರ್ಜಿ, ವಿಮೆ ಎಲ್ಲಕ್ಕೂ ಪಾಸ್‌ಪೋರ್ಟ್‌ನಲ್ಲಿದ್ದ ಹಾಗೆಯೇ, ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲದೆ. ಅಂದಹಾಗೆ ವಿಯೆಟ್ನಾಮಿನವರೂ ಕುಟುಂಬದ ಹೆಸರನ್ನು ಮೊದಲು ಹೇಳುವವರು. ಅಲ್ಲಿ ನಮ್ಮ ಹೆಸರಿನ ಜಾಡು ಬೇಗ ಅರ್ಥವಾಗುತ್ತದೆ.

ಬೂಷ್ಟಿನ ವಿಷಯ ತಮಾಷೆಯಲ್ಲ. ಮಳೆಗಾಲದಲ್ಲಿ ಮರದ ಬೀರುವಿನಲ್ಲಿಟ್ಟ ಪಾಸ್‌ಪೋರ್ಟ್‌ನ ಅಂಚು ಏಳುತ್ತದೆ, ಫೋಟೋ ಪುಟದ ಪ್ಲಾಸ್ಟಿಕ್ ಉಬ್ಬುತ್ತದೆ, ಹೊಲಿಗೆಯ ಹತ್ತಿರ ಬಿಳಿ ಚುಕ್ಕೆ ಬೀಳುತ್ತದೆ. ಇದನ್ನು "ಹಾಳಾದ ಪಾಸ್‌ಪೋರ್ಟ್" ಎಂದು ಪರಿಗಣಿಸುತ್ತಾರೆ. ಇಂಡೋನೇಷ್ಯಾದವರು ಇದರಲ್ಲಿ ತೀರಾ ಕಟ್ಟುನಿಟ್ಟು. ಬಿಗಿಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ತೇವ ಹೀರುವ ಸಿಲಿಕಾ ಹರಳಿನ ಚಿಕ್ಕ ಪೊಟ್ಟಣ ನಾಲ್ಕೈದು ಹಾಕಿ ಇಡಿ. ನನ್ನದು ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಡಬ್ಬದ ಪಕ್ಕ ಇದೆ. ಇಮಿಗ್ರೇಷನ್ ಕೌಂಟರಿನಲ್ಲಿ ಸ್ವಲ್ಪ ಪರಿಮಳ ಬರುತ್ತದೆ, ಅಷ್ಟೇ.

ಹಂತ 3: ಈಗ ದೇಶ

ಕೈಯಲ್ಲಿ ತಾರೀಖಿದೆ, ಪಾಸ್‌ಪೋರ್ಟ್ ಇದೆ. ಈಗ ಆರಿಸಿ.

*ಶ್ರೀಲಂಕಾ: ಮೊದಲ ಸಲದವರಿಗೆ.* ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಪ್ರಯಾಣ ಸಣ್ಣದು. ನಮಗೆ ಇಲ್ಲಿ ನೋಡಬೇಕಾದ ಕಥೆ ಒಂದಿದೆ. ಸಿಲೋನ್ ಒಂದು ಕಾಲಕ್ಕೆ ಕಾಫಿಯ ನಾಡು. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ತೋಟಗಳು ನೆಲಕಚ್ಚಿ, ಜನ ಟೀ ನೆಟ್ಟರು. ನುವಾರ ಎಳಿಯದ ಬೆಟ್ಟಗಳಲ್ಲಿ ಇವತ್ತು ಕಾಣುವ ಟೀ ಅದೇ ರೋಗದ ಬಳುವಳಿ. ನಮ್ಮ ಅರೇಬಿಕಾದ ಎಲೆಯಡಿ ಕಾಣುವ ಕಿತ್ತಳೆ ಪುಡಿಯನ್ನು ನೋಡಿದವರಿಗೆ ಆ ರೈಲು ಪ್ರಯಾಣದ ಅರ್ಥವೇ ಬೇರೆ. ಕ್ಯಾಂಡಿಯಿಂದ ಎಲ್ಲಾಕ್ಕೆ ಹೋಗುವ ಆ ರೈಲಿಗೆ ಸೀಟು ಸಿಗಬೇಕಾದರೆ ಒಂದು ತಿಂಗಳು ಮೊದಲೇ ಕಾದಿರಿಸಬೇಕು. ಮಳೆ, ಕುಸಿತಕ್ಕೆ ದಾರಿ ಮುಚ್ಚುವುದುಂಟು. ಹೋಗುವ ವಾರ ರೈಲು ಓಡುತ್ತಿದೆಯೇ ವಿಚಾರಿಸಿ.

ಊಟದ ವಿಷಯದಲ್ಲಿ ನೀವು ಮನೆಯಲ್ಲೇ ಇದ್ದೀರಿ. ಬೆಳಗ್ಗೆ "ಇಂದಿಯಪ್ಪ" ಅಂತ ತಟ್ಟೆಗೆ ಬರುವುದು ಅಕ್ಕಿ ಶ್ಯಾವಿಗೆಯ ನಮ್ಮ ನೂಪುಟ್ಟೇ, ಜೊತೆಗೆ ತೆಂಗಿನಹಾಲಿನ ಸಾರು. ಅವರ ಹಂದಿ ಕರಿಯನ್ನು ಒಮ್ಮೆ ತಿನ್ನಿ. ಹುರಿದ ಮಸಾಲೆ, ಕಪ್ಪು ಬಣ್ಣ, ಕೊನೆಗೆ ನಾಲಿಗೆಯ ಬದಿಯಲ್ಲಿ ಹುಳಿ. ಆ ಹುಳಿ "ಗೊರಕ". ಯಾವ ಮರದ ಹಣ್ಣಿನ ರಸವನ್ನು ನಾವು ಕುದಿಸಿ ಇಳಿಸಿ ಕಾಚಂಪುಳಿ ಎಂಬ ಕಪ್ಪು ಹುಳಿ ಮಾಡುತ್ತೇವೋ, ಅದೇ ಮರದ ಹಣ್ಣಿನ ಸಿಪ್ಪೆಯನ್ನು ಅವರು ಒಣಗಿಸಿ ಇಟ್ಟುಕೊಳ್ಳುತ್ತಾರೆ. ಸಂತೆಯಲ್ಲಿ ಕರಿ ಚಕ್ಕಳದ ಹಾಗೆ ರಾಶಿ ಹಾಕಿರುತ್ತಾರೆ, ಮೂಸಿದರೆ ಸಾಕು, ಗೊತ್ತಾಗುತ್ತದೆ.

ಎಡವುವ ಜಾಗ ಎರಡು. ಏಪ್ರಿಲ್ 13-14 ಅವರ ಹೊಸವರ್ಷ, ನಮ್ಮ ಎಡಮ್ಯಾರ್ ಒಂದರ ಹೊತ್ತಿಗೇ. ಅಂಗಡಿ, ಹೋಟೆಲ್ ಬಹುಪಾಲು ಮುಚ್ಚಿರುತ್ತವೆ. ಎರಡನೆಯದು ಪ್ರತಿ ಹುಣ್ಣಿಮೆ ಅಲ್ಲಿ "ಪೋಯ", ಸರ್ಕಾರಿ ರಜೆ. ಅವತ್ತು ಮದ್ಯ ಮಾರುವುದಿಲ್ಲ. ನಮ್ಮವರ ಗುಂಪಿನಲ್ಲಿ ಇದು ಸಣ್ಣ ವಿಷಯವಲ್ಲ ಎಂದು ನನಗೆ ಗೊತ್ತು. ಜುಲೈ-ಆಗಸ್ಟ್‌ನಲ್ಲಿ ಹೋಗುವವರು ಪೂರ್ವದ ಟ್ರಿಂಕೋಮಲಿ ಕಡೆ ಉಳಿದು, ಕ್ಯಾಂಡಿಯ ಎಸಲ ಪೆರಹೆರದ ದಿನಗಳಿಗೆ ಒಳನಾಡಿಗೆ ಬನ್ನಿ. ದೀಪ ತೊಟ್ಟ ಆನೆಗಳ ರಾತ್ರಿ ಮೆರವಣಿಗೆ ಅದು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ಮಾತ್ರ ಬೇಡ, ಅದನ್ನು ಅವಮಾನ ಎಂದೇ ತಿಳಿಯುತ್ತಾರೆ.

*ಭೂತಾನ್: ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ.* ಭಾರತೀಯರಿಗೆ ವೀಸಾ ಬೇಡ, ಪರ್ಮಿಟ್ ಸಾಕು. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ. ಒಬ್ಬರಿಗೆ ರಾತ್ರಿಯೊಂದಕ್ಕೆ ₹1,200 ಸರ್ಕಾರಕ್ಕೆ ಕಟ್ಟಬೇಕು. ಇದಕ್ಕೆ ಎಸ್‌ಡಿಎಫ್ ಅನ್ನುತ್ತಾರೆ, ಪ್ರವಾಸಿಗರಿಂದ ಊರಿಗೆ ಆಗುವ ಸವಕಳಿಗೆ ತೆಗೆದುಕೊಳ್ಳುವ ಸುಂಕ ಎಂದಿಟ್ಟುಕೊಳ್ಳಿ. ಪ್ಯಾಕೇಜ್ ದರದಲ್ಲಿ ಇದು ಸೇರಿದೆಯೋ ಇಲ್ಲವೋ ಎಂದು ಬರಹದಲ್ಲಿ ಕೇಳಿ. ನಾಲ್ಕು ಜನ ಆರು ರಾತ್ರಿ ಅಂದರೆ ಅದೇ ₹28,800.

ವಾರಾಂತ್ಯಕ್ಕೆ ನಮ್ಮಲ್ಲಿ ಬಂದು ಸೇರುವ ಕಾರುಗಳನ್ನು ನೆನೆಸಿಕೊಂಡರೆ, ಆ ಸುಂಕ ನನಗೆ ಹೊಟ್ಟೆಕಿಚ್ಚು ತರಿಸುತ್ತದೆ. ಇರಲಿ.

ಅಲ್ಲಿನ ರಾಷ್ಟ್ರೀಯ ಕ್ರೀಡೆ ಬಿಲ್ಲುಗಾರಿಕೆ. ಗುರಿ ಸುಮಾರು 145 ಮೀಟರ್ ಆಚೆ, ಸುಮಾರು ಒಂದಡಿ ಅಗಲದ ಹಲಗೆ. ಬಾಣ ತಾಗಿದರೆ ತಂಡದವರೆಲ್ಲ ಸಾಲಾಗಿ ನಿಂತು ಹಾಡಿ ಕುಣಿಯುತ್ತಾರೆ. ಕೈಲ್‌ಪೊಳ್ದ್‌ನಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆದವರು ಆ ಮೈದಾನದ ಬದಿಯಲ್ಲಿ ಕೂತರೆ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಪಾರೊದ ತಕ್ತ್ಸಾಂಗ್ ಮಠ 3,000 ಮೀಟರ್‌ಗಿಂತ ಎತ್ತರದಲ್ಲಿದೆ, ಏರು ನಡಿಗೆ. ನಮ್ಮ ತಡಿಯಂಡಮೋಳ್ ಬೆಟ್ಟ ಹತ್ತಿದ ಹುರುಪಿನಲ್ಲಿ ಬಂದ ದಿನವೇ ಹತ್ತಬೇಡಿ. ಎರಡು ದಿನ ಕೆಳಗಿದ್ದು, ಉಸಿರು ಒಗ್ಗಿದ ಮೇಲೆ ಹೋಗಿ. ಏಪ್ರಿಲ್-ಮೇ ಅಥವಾ ಅಕ್ಟೋಬರ್ ಹೊಂದುತ್ತದೆ.

*ವಿಯೆಟ್ನಾಂ: ತೋಟ ಇರುವವರು ನೋಡಲೇಬೇಕಾದದ್ದು.* ಜಗತ್ತಿನಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯುವವರು, ಮೆಣಸಿನ ರಫ್ತಿನಲ್ಲೂ ಮೊದಲಿಗರು. ನಮ್ಮ ಮೆಣಸಿನ ದರ ಬಿದ್ದಾಗಲೆಲ್ಲ ಹೆಸರು ಕೇಳಿ ಬೈಯುವ ದೇಶ. ಬೈಯುವುದಕ್ಕಿಂತ ಮೊದಲು ಒಮ್ಮೆ ಹೋಗಿ ನೋಡಬೇಕು.

ಪ್ಯಾಕೇಜಿನವರು ಹಾನೊಯ್, ಹಾಲಾಂಗ್ ಕೊಲ್ಲಿ, ಡನಾಂಗ್‌ನ ಚಿನ್ನದ ಸೇತುವೆ ತೋರಿಸಿ ಕಳಿಸುತ್ತಾರೆ. ನೀವು ಅದಕ್ಕೆ ಮೂರು ದಿನ ಸೇರಿಸಿ ಬುವೋನ್ ಮಾ ಥುವೊಟ್‌ಗೆ ಹೋಗಿ. ಹೋ ಚಿ ಮಿನ್ ನಗರದಿಂದ ವಿಮಾನದಲ್ಲಿ ಒಂದು ಗಂಟೆ, ಮಲಗುವ ಬಸ್ಸಿನಲ್ಲಿ ಒಂದು ರಾತ್ರಿ. ಊರ ಹೊರಗೆ ಬಂದರೆ ಎರಡೂ ಬದಿ ಕಾಫಿ. ಮೊದಲು ಕಣ್ಣಿಗೆ ಹೊಡೆಯುವುದು ನೆರಳಿಲ್ಲದಿರುವುದು. ನಮ್ಮಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿಯ ಕೆಳಗೆ ಗಿಡ ತಣ್ಣಗೆ ನಿಂತಿರುತ್ತದೆ. ಅಲ್ಲಿ ಬಯಲ ಬಿಸಿಲಿಗೆ ಒಡ್ಡಿಕೊಂಡ ರೋಬಸ್ಟಾ, ಎದೆಯೆತ್ತರಕ್ಕೆ ಕತ್ತರಿಸಿದ್ದು, ಪ್ರತಿ ಗಿಡದ ಬುಡಕ್ಕೆ ನೀರು ನಿಲ್ಲುವ ಹಾಗೆ ಸುತ್ತ ಏರಿಕಟ್ಟಿದ ಪಾತಿ. ಪೈಪ್ ಎಳೆದು ಒಂದೊಂದು ಪಾತಿಗೂ ನೀರು ತುಂಬಿಸುತ್ತಾರೆ. ನಡುನಡುವೆ ಮೆಣಸಿನ ಬಳ್ಳಿ, ದೂರಿಯನ್ ಮರ. ನಮ್ಮದಕ್ಕಿಂತ ಎಷ್ಟೋ ಸಣ್ಣ ಹಿಡುವಳಿಗಳು, ಮನೆಯವರೇ ದುಡಿಯುವವರು. ತೋಟದ ಲೆಕ್ಕ ನೋಡುವ ರೈಟರು, ಕೂಲಿಯವರ ಲೈನ್‌ಮನೆಗಳ ಲೆಕ್ಕದಲ್ಲಿ ಬೆಳೆದ ನಮಗೆ ಇದು ಯೋಚನೆಗೆ ಹಚ್ಚುವ ನೋಟ. ಅಲ್ಲಿ ಕೊಯ್ಲು ಅಕ್ಟೋಬರ್ ಕೊನೆಯಿಂದ ಶುರು. ರೋಬಸ್ಟಾದವರಿಗೆ ನವೆಂಬರ್‌ನಲ್ಲಿ ಇನ್ನೂ ಬಿಡುವು, ಅದೇ ಸರಿಯಾದ ಹೊತ್ತು. ಮನೆ ಮುಂದಿನ ಅಂಗಳದಲ್ಲಿ ಕಾಫಿ ಹರವಿರುತ್ತಾರೆ. ನೀವು ಬಗ್ಗಿ ಒಂದು ಕಾಯಿ ತೆಗೆದು, ಹಲ್ಲಿನಲ್ಲಿ ಕಚ್ಚಿ ಒಣಗಿದೆಯೇ ಎಂದು ನೋಡಿದರೆ ಸಾಕು, ಮನೆಯ ಯಜಮಾನ ಕುರ್ಚಿ ತಂದು ಹಾಕುತ್ತಾನೆ. ಭಾಷೆ ಬೇಕಾಗುವುದಿಲ್ಲ.

ಕುಡಿಯುವ ಕಾಫಿ "ಫಿನ್" ಎಂಬ ಪುಟ್ಟ ಲೋಹದ ಸೋಸುಕದಲ್ಲಿ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನಮ್ಮ ಫಿಲ್ಟರಿನ ದಾಯಾದಿ. ಕೆಳಗೆ ಮಂದವಾದ ಸಿಹಿ ಹಾಲು. ಅವಸರ ಮಾಡಿದರೆ ಅದು ಕೆಲಸ ಕೊಡುವುದಿಲ್ಲ. ಹಾನೊಯ್‌ನಲ್ಲಿ ಸುಟ್ಟ ಹಂದಿ ಮಾಂಸ, ಅಕ್ಕಿ ಶ್ಯಾವಿಗೆ ಸೇರಿಸಿ ಕೊಡುವ "ಬುನ್ ಚಾ" ತಿನ್ನಿ. ಸಸ್ಯಾಹಾರಿಗಳು "ಚಾಯ್" ಎಂಬ ಪದ ನೆನಪಿಡಿ. ಚಹಾ ಅಲ್ಲ, ಶುದ್ಧ ಸಸ್ಯಾಹಾರ ಎಂದು ಅರ್ಥ. ಆ ಪದ ಹೇಳದೆ ಬರೀ ತರಕಾರಿ ಕೇಳಿದರೆ ಮೀನಿನ ರಸ ಬಿದ್ದೇ ಬಂದಿರುತ್ತದೆ.

ಎಡವುವ ಜಾಗ: ನೋಟು. ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್, ಸೊನ್ನೆಗಳ ಜಾತ್ರೆ. 20,000ದ ನೋಟೂ 500,000ದ ನೋಟೂ ಎರಡೂ ನೀಲಿ. ರಾತ್ರಿ ಟ್ಯಾಕ್ಸಿಯಲ್ಲಿ ಇವೆರಡನ್ನು ಅದಲುಬದಲು ಕೊಟ್ಟವರು ಬಹಳ. ದೊಡ್ಡದನ್ನು ಬೇರೆ ಜೇಬಿನಲ್ಲಿ ಇಡಿ. ಅಕ್ಟೋಬರ್-ನವೆಂಬರ್‌ನಲ್ಲಿ ನಡುನಾಡಿನ ಕರಾವಳಿಗೆ ನೆರೆ ಬರುತ್ತದೆ, ಆ ಭಾಗ ಕೈಬಿಡಿ. ಜನವರಿ-ಫೆಬ್ರವರಿಯ "ತೆತ್" ಹೊಸವರ್ಷದಲ್ಲಿ ಊರೆಲ್ಲ ಬಾಗಿಲು ಹಾಕಿರುತ್ತದೆ.

*ಇಥಿಯೋಪಿಯಾ: ಎರಡು ಮೂರು ದೇಶ ನೋಡಿ ಪಳಗಿದ ಮೇಲೆ.* ಅರೇಬಿಕಾದ ತವರುಮನೆ. ಅಲ್ಲಿ ಕಾಫಿ ಕುಡಿಯುವುದು ಒಂದು ಕಾರ್ಯಕ್ರಮ. ನಿಮ್ಮ ಎದುರೇ ಹಸಿ ಕಾಫಿ ಬೀಜ ತೊಳೆದು, ಕೆಂಡದ ಮೇಲೆ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆ ಹಿಡಿಯುತ್ತಾರೆ. ಕೈಯಲ್ಲಿ ಹೊಗೆಯನ್ನು ಮುಖದ ಕಡೆ ಎಳೆದುಕೊಳ್ಳಬೇಕು. ಕುಟ್ಟಿ, "ಜೆಬೆನ" ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸುರಿಯುತ್ತಾರೆ. ಮೂರು ಸುತ್ತು: ಅಬೋಲ್, ತೋನ, ಬರಕ. ಮೊದಲ ಸುತ್ತಿಗೇ ಎದ್ದು ಹೊರಟರೆ ಮರ್ಯಾದೆಯಲ್ಲ. ಒಂದೂವರೆ ಗಂಟೆ ಇಟ್ಟುಕೊಂಡು ಕೂರಿ. ಊಟ "ಇಂಜೆರ", ತೆಫ್ ಎಂಬ ಪುಟ್ಟ ಧಾನ್ಯದ ಹುಳಿ ದೋಸೆ. ಬುಧವಾರ, ಶುಕ್ರವಾರ ಅಲ್ಲಿನ ಕ್ರೈಸ್ತರ ಉಪವಾಸ. ಸಸ್ಯಾಹಾರಿಗಳಿಗೆ ಅವತ್ತು ಹಬ್ಬ.

ಜೋಕೆ: ಅವರ ಗಡಿಯಾರ ಸೂರ್ಯೋದಯದಿಂದ ಎಣಿಸುತ್ತದೆ. ಡ್ರೈವರ್ "ಬೆಳಗ್ಗೆ ಒಂದು ಗಂಟೆಗೆ ಬರುತ್ತೇನೆ" ಎಂದರೆ ನಮ್ಮ ಏಳು ಗಂಟೆ. ಯಾವ ಲೆಕ್ಕ ಎಂದು ಪ್ರತಿ ಸಲವೂ ಕೇಳಿ. ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಹಾಕಿಸಿ, ಲಸಿಕೆಯ ದಾಖಲೆಯಾದ ಹಳದಿ ಪುಸ್ತಕ ಜೊತೆಗಿಡಿ. ಅದಿಲ್ಲದೆ ಬಂದರೆ ಭಾರತಕ್ಕೆ ಇಳಿದ ಮೇಲೆ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು. ಕೆಲವು ಪ್ರಾಂತ್ಯಗಳಲ್ಲಿ ಗಲಭೆ ಇರುತ್ತದೆ. ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡಿಯೇ ದಾರಿ ಹಾಕಿಕೊಳ್ಳಿ.

ಉಳಿದವು ಒಂದೊಂದು ಮಾತಿನಲ್ಲಿ. ಥಾಯ್ಲೆಂಡ್, ಮಲೇಷ್ಯಾ ಸುಲಭ, ಮಕ್ಕಳಿಗೆ ಇಷ್ಟ, ಹೋಗುವ ಮೊದಲು ಆನ್‌ಲೈನ್ ಆಗಮನ ಚೀಟಿ ತುಂಬಬೇಕು. ದುಬೈ ನೆಂಟರಿದ್ದರೆ ಸರಿ. ಜಪಾನ್ ಅದ್ಭುತ, ಆದರೆ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ ಅವರದೇ ರಜೆಯ ನೂಕುನುಗ್ಗಲು, ತಪ್ಪಿಸಿ.

ಹಂತ 4: ವೀಸಾ, ಮತ್ತು ಬೆಳೆಗಾರರ ಕಾಗದಪತ್ರ

ಇ-ವೀಸಾ ಅಂದರೆ ಮನೆಯಿಂದಲೇ ಅರ್ಜಿ ಹಾಕಿ ಪಡೆಯುವ ಅನುಮತಿ. ವಿಯೆಟ್ನಾಂನದ್ದು ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಶ್ರೀಲಂಕಾಕ್ಕೆ ಇಟಿಎ ಎಂಬ ಮುಂಗಡ ಅನುಮತಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ನಾಲ್ಕು ತಾಣಗಳು ಸರ್ಕಾರಿ ತಾಣದ ವೇಷ ಹಾಕಿಕೊಂಡ ದಲ್ಲಾಳಿಗಳವು. ನಾನೂ ಒಮ್ಮೆ ಮೂರು ಪಟ್ಟು ಕಟ್ಟಿ ಬುದ್ಧಿ ಕಲಿತೆ. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಮತ್ತು ಆ ದೇಶದ ಎರಡಕ್ಷರ ಇದೆಯೇ ನೋಡಿ. ನಿಯಮಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತವೆ. ಹೋದ ವರ್ಷ ಹೋಗಿ ಬಂದ ಭಾವನ ಮಾತನ್ನು ನಂಬದೆ ತಾಣದಲ್ಲೇ ಓದಿ. ಜುಲೈನಲ್ಲಿ ಅರ್ಜಿ ಹಾಕುವವರು ಪೇಟೆಯಲ್ಲಿ ಕೂತು ಹಾಕಿ. ಒಟಿಪಿ ಬರುವ ಹೊತ್ತಿಗೆ ಕರೆಂಟು, ಟವರು ಎರಡೂ ಹೋದರೆ ದುಡ್ಡು ಕಡಿತವಾಗಿ ಅರ್ಜಿ ಅರ್ಧಕ್ಕೆ ನಿಂತಿರುತ್ತದೆ.

ಯುರೋಪು, ಜಪಾನ್‌ನಂಥ ಕಡೆ ಆದಾಯದ ದಾಖಲೆ ಕೇಳುತ್ತಾರೆ. ನಮ್ಮವರಿಗೆ ಪೆಟ್ಟು ಬೀಳುವುದು ಇಲ್ಲೇ. ಕಾಫಿ ಒಣಗಿಸಿ ಹಾಗೇ ಮಾರುವವರದು ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ, ಹಾಗಾಗಿ ಬಹಳ ಜನ ರಿಟರ್ನ್ಸ್ ಹಾಕಿರುವುದಿಲ್ಲ. ಪಹಣಿ ಕೊಡೋಣ ಅಂದರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದಲ್ಲಿ ಇನ್ನೂ ಕುಟುಂಬದ ಹಿರಿಯ, ಅಂದರೆ ಪಟ್ಟೆದಾರ ಅಜ್ಜನ ಹೆಸರು. ಬ್ಯಾಂಕ್ ಖಾತೆಯಲ್ಲಿ ಹತ್ತು ತಿಂಗಳು ಬರಗಾಲ, ಫೆಬ್ರವರಿಯಲ್ಲಿ ಒಮ್ಮೆಗೇ ಲಕ್ಷಗಳು. ಮೇಜಿನಾಚೆ ಕೂತವರಿಗೆ ಅದು ವೀಸಾಕ್ಕೆಂದೇ ಸಾಲ ತಂದು ತುಂಬಿದ ಹಣದ ಹಾಗೆ ಕಾಣುತ್ತದೆ.

ಹೀಗೆ ಮಾಡಿ: ತೆರಿಗೆ ಇಲ್ಲದಿದ್ದರೂ ಕೃಷಿ ಆದಾಯ ತೋರಿಸಿ ರಿಟರ್ನ್ಸ್ ಹಾಕುವ ಅಭ್ಯಾಸ ಎರಡು ವರ್ಷ ಮೊದಲೇ ಇಟ್ಟುಕೊಳ್ಳಿ. ಕಾಫಿ, ಮೆಣಸು ಮಾರಿದ ಬಿಲ್ಲುಗಳನ್ನು ಎಸೆಯಬೇಡಿ. ಬ್ಯಾಂಕಿಗೆ ಹಣ ಬಂದ ದಿನದ ಎದುರು ಯಾವ ಬಿಲ್ಲು ಎಂದು ಗುರುತು ಹಾಕಿ ಲಗತ್ತಿಸಿ. ಪಹಣಿಯ ಜೊತೆ ವಂಶವೃಕ್ಷ ಮತ್ತು ಇಂಗ್ಲಿಷ್ ಅನುವಾದ ಇರಲಿ. ಒಂದು ಪುಟದ ಪತ್ರದಲ್ಲಿ "ನಮ್ಮ ಬೆಳೆಗೆ ವರ್ಷಕ್ಕೊಮ್ಮೆ ಹಣ ಬರುತ್ತದೆ, ಮುಂದಿನ ಕೊಯ್ಲಿಗೆ ನಾನು ತೋಟದಲ್ಲಿರಲೇಬೇಕು" ಎಂದು ಸೀದಾ ಬರೆಯಿರಿ. ತಿರುಗಿ ಬರುತ್ತೀರಿ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಸಂಬಳದವರಿಗೂ ಇರುವುದಿಲ್ಲ.

ಹಂತ 5: ಯಾವ ವಿಮಾನ ನಿಲ್ದಾಣ

ವಿರಾಜಪೇಟೆ ಕಡೆಯವರಿಗೆ ಹತ್ತಿರದ್ದು 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು, ಮಟ್ಟನ್ನೂರಿನಲ್ಲಿ. ಮಾಕುಟ್ಟ ಘಾಟಿ ಇಳಿದರೆ 60 ಕಿ.ಮೀ. ಆಸುಪಾಸು. ಅಲ್ಲಿಗೆ ವಿದೇಶಿ ಕಂಪನಿಗಳಿಗೆ ಅನುಮತಿ ಸಿಗದ ಕಾರಣ ಭಾರತೀಯ ವಿಮಾನಗಳೇ, ಅದೂ ಮುಖ್ಯವಾಗಿ ಕೊಲ್ಲಿ ದೇಶಗಳಿಗೆ. ಮಡಿಕೇರಿಯವರಿಗೆ ಸಂಪಾಜೆ ಘಾಟಿ ಇಳಿದು ಮಂಗಳೂರು, ಅಲ್ಲೂ ಕೊಲ್ಲಿಯದೇ ಹೆಚ್ಚು. ಪೂರ್ವದ ದೇಶಗಳಿಗೆ ಬೆಂಗಳೂರೇ ಗತಿ. ಮೈಸೂರಿನವರೆಗೆ ಹೋದರೆ ಅಲ್ಲಿಂದ ನೇರ ಫ್ಲೈಬಸ್ ಇದೆ.

ಮಳೆಗಾಲದಲ್ಲಿ ಮಾಕುಟ್ಟ, ಸಂಪಾಜೆ ಎರಡನ್ನೂ ನಂಬಬೇಡಿ. ಮರ ಬಿದ್ದರೆ ಎರಡು ಗಂಟೆ, ಮಣ್ಣು ಕುಸಿದರೆ ದಿನಗಟ್ಟಲೆ. ಜುಲೈ-ಆಗಸ್ಟ್‌ನಲ್ಲಿ ನಾನು ಹಿಂದಿನ ದಿನವೇ ಇಳಿದು ಅಲ್ಲೇ ಮಲಗುತ್ತೇನೆ. ಬೆಂಗಳೂರಿಗೆ ಹೊರಟವರು ತಿತಿಮತಿಯ ಕಾಡುದಾರಿಯನ್ನು ಬೆಳಕಿರುವಾಗ ದಾಟಿ, ಆನೆಗೆ ನಿಮ್ಮ ಬೋರ್ಡಿಂಗ್ ಸಮಯ ಗೊತ್ತಿಲ್ಲ.

ಟಿಕೆಟ್ಟಿನ ತಾರೀಖು ಎರಡು ಸಲ ಓದಿ. 15ನೇ ತಾರೀಖು 00:40 ಅಂದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರ ಸಂಜೆ ಆರಾಮವಾಗಿ ಹೊರಟ ಕುಟುಂಬಗಳು ನನಗೆ ಗೊತ್ತಿದ್ದೇ ಎರಡಿವೆ.

ಹಂತ 6: ದುಡ್ಡು, ಫೋನು

ಸ್ವಲ್ಪ ಡಾಲರ್ ನಗದು, ವಿದೇಶಿ ವಹಿವಾಟಿಗೆ ಹೆಚ್ಚುವರಿ ಶುಲ್ಕ ಹಾಕದ ಒಂದು ಕಾರ್ಡು, ಇನ್ನೊಂದು ಬೇರೆ ಬ್ಯಾಂಕಿನದು. ಶ್ರೀಲಂಕಾ, ಭೂತಾನ್‌ನ ಕೆಲವು ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ. ಪ್ಯಾಕೇಜ್ ಕೊಳ್ಳುವಾಗ ಟಿಸಿಎಸ್ ಅಂತ ಹಿಡಿಯುತ್ತಾರೆ. ಅದು ಮುಂಗಡ ತೆರಿಗೆ. ರಿಟರ್ನ್ಸ್ ಹಾಕಿದರೆ ವಾಪಸ್ ಕೇಳಬಹುದು. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸದೆ ಹೊರಡಬೇಡಿ. ವಿಮೆ ತೆಗೆಯಿರಿ, ಬಿಪಿ ಸಕ್ಕರೆ ಇರುವುದನ್ನು ಮುಚ್ಚಿಡಬೇಡಿ.

ಹಂತ 7: ಪೆಟ್ಟಿಗೆ ಕಟ್ಟುವ ಮೊದಲು ಜೇಬು ಕೊಡವಿ

ಇದು ನಮ್ಮ ಜಿಲ್ಲೆಯವರಿಗೆ ಮಾತ್ರ ಬರೆಯಬೇಕಾದ ಎಚ್ಚರಿಕೆ. ಕೋವಿಗೆ ನಮಗೆ ಲೈಸೆನ್ಸ್ ವಿನಾಯಿತಿ ಇದೆ, ನಿಜ. ವಿಮಾನ ನಿಲ್ದಾಣದಲ್ಲಿ ಅದು ಲೆಕ್ಕಕ್ಕಿಲ್ಲ. ಹಬ್ಬಕ್ಕೋ ಹಂದಿ ಕಾಯುವುದಕ್ಕೋ ಹಾಕಿಕೊಂಡು ಹೋದ ಜಾಕೆಟ್ಟಿನ ಒಳಜೇಬಿನಲ್ಲಿ, ಹಳೇ ಬ್ಯಾಗಿನ ಹೊಲಿಗೆಯ ಸಂದಿಯಲ್ಲಿ ಕೋವಿಯ ಒಂದು ತೋಟಾ ಉಳಿದಿರುತ್ತದೆ. ಎಕ್ಸ್-ರೇಯಲ್ಲಿ ಅದು ಕಂಡರೆ ಪ್ರವಾಸ ಅಲ್ಲಿಗೆ ಮುಗಿದು ಪೊಲೀಸ್ ಠಾಣೆ ಶುರು. ಖಾಲಿ ತೋಟಾ ಕೂಡ ಬೇಡ. ಹೊರದೇಶಕ್ಕೆಂದೇ ಬೇರೆ ಬ್ಯಾಗು, ಬೇರೆ ಜಾಕೆಟ್ ಇಟ್ಟುಕೊಳ್ಳಿ. ನೆಂಟರ ಮದುವೆಗೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಒಯ್ಯುವವರು ವಿಮಾನ ಕಂಪನಿಯನ್ನು ಮೊದಲೇ ಕೇಳಿ, ಕೈಚೀಲದಲ್ಲಂತೂ ಇಡಲೇಬೇಡಿ.

ಕೊಡಲೆಂದು ಒಯ್ಯುವ ವಸ್ತುಗಳಲ್ಲಿ ಕಾಫಿಪುಡಿ, ಏಲಕ್ಕಿ ನಿರಾತಂಕ. ಹಂದಿ ಉಪ್ಪಿನಕಾಯಿ ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ಬೇಡ. ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿದೆ, ಮಸಾಲೆಪುಡಿಯಲ್ಲಿ ಬೆರೆತಿದ್ದರೂ ತಂಟೆ. ಒಣಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಮನೆ ವೈನನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಕಟ್ಟಿದರೆ ಏನಾಗುತ್ತದೆ ಎಂದು ನನ್ನ ಒಂದು ಬಿಳಿ ಅಂಗಿ ಇವತ್ತಿಗೂ ಹೇಳುತ್ತದೆ.

ಹಂತ 8: ತಿರುಗಿ ಬರುವಾಗ

ಬುವೋನ್ ಮಾ ಥುವೊಟ್‌ನಲ್ಲಿ ಕಾಯಿ ಗೊಂಚಲು ನೋಡಿದ ಮೇಲೆ, ಇಥಿಯೋಪಿಯಾದ ಕಾಡಿನಲ್ಲಿ ತಾನಾಗಿ ಹುಟ್ಟಿದ ಗಿಡ ನೋಡಿದ ಮೇಲೆ, ಬೆಳೆಗಾರನ ಕೈ ತುರಿಸುತ್ತದೆ. ನಾಲ್ಕು ಬೀಜ ಕರವಸ್ತ್ರದಲ್ಲಿ ಕಟ್ಟಿ ತಂದರೆ ಯಾರಿಗೆ ತಿಳಿಯುತ್ತದೆ? ತರಬೇಡಿ. ಅನುಮತಿಯಿಲ್ಲದೆ ಬೀಜ, ಸಸಿ, ಹಸಿ ಕಾಫಿ ತರುವುದು ಸಸ್ಯ ಸಂಪರ್ಕತಡೆ ಕಾನೂನಿಗೆ ವಿರುದ್ಧ. ಕಾನೂನು ಒತ್ತಟ್ಟಿಗಿರಲಿ, ಆಫ್ರಿಕಾದ ಅರೇಬಿಕಾಕ್ಕೆ ಕಾಯಿ ಕೊಳೆಯಿಸುವ ಒಂದು ಶಿಲೀಂಧ್ರ ರೋಗವಿದೆ, ನಮ್ಮಲ್ಲಿಗೆ ಅದು ಇನ್ನೂ ಬಂದಿಲ್ಲ. ಕಾಯಿಕೊರಕ ಹುಳ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ ನೀಲಗಿರಿಯ ಗುಡಲೂರಿನ ಕಡೆ, ಈಗ ಅದಕ್ಕೆ ಬಲೆ ಕಟ್ಟದ ತೋಟ ಎಷ್ಟಿವೆ ಹೇಳಿ.

ಹುರಿದ ಪುಡಿಯನ್ನು ಮನೆಬಳಕೆಗೆ ತನ್ನಿ. ಮದ್ಯ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ. ಅಲ್ಲಿನ ತೋಟದಲ್ಲಿ ಓಡಾಡಿದ ಬೂಟನ್ನು ಹೋಟೆಲಿನ ಬಚ್ಚಲಲ್ಲೇ ಬ್ರಷ್ ಹಾಕಿ, ಸೋಪು ನೀರಿನಲ್ಲಿ ಅಡಿ ತೊಳೆದು, ಒಣಗಿಸಿ ಪೆಟ್ಟಿಗೆಗೆ ಹಾಕಿ. ಪ್ಯಾಂಟಿನ ಮಡಿಕೆ ಬಿಡಿಸಿ ನೋಡಿ, ಮಣ್ಣು ಅಲ್ಲೇ ಕೂತಿರುತ್ತದೆ.